ಒಂಬತ್ತು ಬೇಸಿಗೆಯ ವೈನು

ಶ್ರೀನಿವಾಸಪುರ
20-2-1987

ಚಿರಂಜೀವಿ ಸೌಭಾಗ್ಯವತಿ ಅನಸೂಯಳಿಗೆ,

ನಿನ್ನ ಅಮ್ಮನ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯುವುದು ಎಲ್ಲರ ವಾಡಿಕೆ. ಆ ಸಾಲು ಬರೆಯಲು ನನಗೆ ಕೈ ಏಳಲಿಲ್ಲ, ಅದಕ್ಕೆ ಬಿಟ್ಟಿದ್ದೇನೆ. ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಿಮ್ಮತ್ತೆ ರಾಮಲಕ್ಷ್ಮಮ್ಮನವರ ಮಂಡಿನೋವು ಹೇಗಿದೆ? ಈ ಕಾಗದ ಅವರ ಕಣ್ಣಿಗೆ ಬಿದ್ದರೂ ಚಿಂತೆಯಿಲ್ಲ. ಅವರಿಗೆ ಗೊತ್ತಿಲ್ಲದ್ದು ಇದರಲ್ಲಿ ಸ್ವಲ್ಪ ಇದೆ, ಓದಲಿ.

ನಿನ್ನ ಕಾರ್ಡು ಸಂಕ್ರಾಂತಿಯಾದ ಮರುವಾರ ಬಂತು. ನಾಲ್ಕೇ ಸಾಲು. ಅಪ್ಪ ಸಾಯಲು ಮಲಗಿರುವಾಗ ಅವರ ಮಂಚದ ಮೇಲೇ ಕೂತು ಕುಡಿದು ನಗುತ್ತಿದ್ದವಳ ಮನೆಗೆ ನಾನು ಬರುವುದಿಲ್ಲ, ನೀನೂ ಮಾಲೂರಿಗೆ ಬರಬೇಡ ಎಂದು ಬರೆದಿದ್ದೆ. ಓದಿದ ಮೇಲೆ ತಿಳಿಯಿತು, ಹಬ್ಬದ ಮರುದಿನ ಜಗಲಿಯ ಮೇಲೆ ಮೂಸಂಬಿ ಚೀಲ ಇಟ್ಟುಹೋದವಳು ನೀನು ಎಂದು. ಪಕ್ಕದ ಮನೆ ಅಂಜಮ್ಮ ಇಟ್ಟಳೆಂದುಕೊಂಡು ಅವಳನ್ನು ಬಾಯಿತುಂಬ ಹೊಗಳಿಬಿಟ್ಟಿದ್ದೆ. ಆ ಪುಣ್ಯಾತ್ಗಿತ್ತಿ ನಾನಲ್ಲ ಅನ್ನಲೂ ಇಲ್ಲ. ನಿನ್ನ ಕಾರ್ಡಿನ ಸಂಗತಿ ನಿಮ್ಮಪ್ಪನಿಗೆ ಹೇಳಿಲ್ಲ.

ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರೆ ಎಂದು ಗಾದೆ ಹೇಳಿ ಪಾರಾಗಬಹುದಿತ್ತು. ಆದರೆ ನಾನು ಕುಡಿದದ್ದು ಮಜ್ಜಿಗೆಯಲ್ಲ, ವೈನೇ. ನಿನ್ನ ಮೇಲೆ ನನಗೆ ಕೋಪಕ್ಕಿಂತ ದುಃಖವೇ ಹೆಚ್ಚು ಮಗಳೇ. ಬಾಗಿಲಲ್ಲಿ ನಿಂತು ಏನಮ್ಮಾ ಇದು ಎಂದು ಒಂದು ಮಾತು ಕೇಳಿದ್ದರೆ ಅಲ್ಲೇ ಹೇಳುತ್ತಿದ್ದೆ. ಕೇಳದೆ ಬಸ್ಸು ಹತ್ತಿದೆ. ಅದಕ್ಕೆ ಈಗ ಕೂತು ಬರೆಯಬೇಕಾಗಿದೆ.

ನಿನಗೆ ನೆನಪಿರಬೇಕು. ನೀನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ತೋಟಗಾರಿಕೆ ಇಲಾಖೆಯವರು ನಿಮ್ಮಪ್ಪನನ್ನು ದ್ರಾಕ್ಷಿ ಬೆಳೆ ಕಲಿತು ಬರಲು ಎಂಟು ತಿಂಗಳು ಆಸ್ಟ್ರೇಲಿಯಾಕ್ಕೆ ಕಳಿಸಿದ್ದರು. ಎಪ್ಪತ್ತೆಂಟರ ಯುಗಾದಿಗೆ ವಾಪಸು ಬಂದರು. ನಿನಗೊಂದು ಕಾಂಗರೂ ಗೊಂಬೆ, ನನಗೊಂದು ಉಣ್ಣೆ ಶಾಲು, ತಮಗೆ ನಾಲ್ಕು ಬಾಟಲಿ ವೈನು. ನಾಲ್ಕೂ ಬೇರೆ ಬೇರೆ ಜಾತಿಯ ದ್ರಾಕ್ಷಿಯವು. ಮದರಾಸಿನಿಂದ ರೈಲಿನಲ್ಲಿ ಬರುವಾಗ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು.

ನಿಮ್ಮಜ್ಜಿ ಅಕ್ಕಯಮ್ಮ ಶನಿವಾರ ಒಪ್ಪೊತ್ತು ಇರುವವರು, ತಿರುಪತಿಯ ಕಡೆಗೆ ಕಾಲು ಚಾಚಿ ಮಲಗಿದವರಲ್ಲ. ತಾನು ಕಣ್ಣು ಮುಚ್ಚುವವರೆಗೂ ಈ ಮನೆಯಲ್ಲಿ ಅವುಗಳ ಬಿರಡೆ ತೆಗೆಯಕೂಡದು ಎಂದರು. ನಿಮ್ಮಪ್ಪ ಎದುರಾಡಲಿಲ್ಲ. ರಾಗಿ ಹುಲ್ಲಿನಲ್ಲಿ ಸುತ್ತಿ ಅಟ್ಟದ ಮೇಲೆ ಅಡ್ಡಡ್ಡ ಮಲಗಿಸಿದರು. ಅಜ್ಜಿ ಮಾರನೆಯ ದಿನವೇ ನನ್ನನ್ನು ಏಣಿ ಹತ್ತಿಸಿ, ಮಲಗಿರುವ ಬಾಟಲಿ ಕುಡುಕನ ಹಾಗೆ ಕಾಣುತ್ತದೆ ಎಂದು ಎಲ್ಲವನ್ನೂ ನೆಟ್ಟಗೆ ನಿಲ್ಲಿಸುವಂತೆ ಮಾಡಿದರು. ಊರಿನ ಗಂಡಸರು ಯಾರನ್ನೂ ಕೇಳದೆ ಸಾರಾಯಿ ಅಂಗಡಿಗೆ ಹೋಗಿ ಬರುತ್ತಿದ್ದ ಕಾಲದಲ್ಲಿ ನಿಮ್ಮಪ್ಪ ಅಮ್ಮನ ಮಾತಿಗೆ ಕಟ್ಟುಬಿದ್ದು ಕೂತರು. ಅಜ್ಜಿ ಎಂಬತ್ತೈದನೆಯ ಇಸವಿಯಲ್ಲಿ ಹೋದರು. ನಿಮ್ಮಪ್ಪ ವರ್ಷದ ತಿಥಿ ಮುಗಿಯಲಿ ಎಂದರು. ತಿಥಿ ಮುಗಿಯುವ ಹೊತ್ತಿಗೆ ಇವರ ಗಂಟಲು ಕಟ್ಟಿತ್ತು.

ಕುಡಿಯದಿದ್ದರೇನು, ಮಾತಿಗೇನೂ ಕಡಿಮೆಯಿರಲಿಲ್ಲ. ಸಂಜೆ ನಾನು ಸೊಪ್ಪು ಬಿಡಿಸುತ್ತಿದ್ದರೆ ಎದುರು ಕೂತು ಅಲ್ಲಿಯದೆಲ್ಲ ಹೇಳುತ್ತಿದ್ದರು. ಉದ್ದನೆಯ ಮೇಜಿನ ಮೇಲೆ ಗಾಜಿನ ಲೋಟ ಸಾಲಾಗಿಟ್ಟು ಒಂದೊಂದು ಗುಟುಕು ಸುರಿಯುತ್ತಿದ್ದರಂತೆ. ಬೆಳಕಿಗೆ ಹಿಡಿದು ಬಣ್ಣ ನೋಡಬೇಕು, ಲೋಟ ತಿರುಗಿಸಿ ಮೂಸಬೇಕು, ಬಾಯಲ್ಲಿ ಆಡಿಸಬೇಕು, ಆಮೇಲೆ ಉಗಿಯಬೇಕು. ಉಗಿಯುವುದಕ್ಕೆ ವಿಮಾನ ಹತ್ತಿ ಹೋಗಬೇಕಿತ್ತೇ, ಎಲೆ ಅಡಿಕೆ ಹೊಗೆಸೊಪ್ಪು ಹಾಕಿಕೊಂಡು ಇಲ್ಲೇ ದಿನವೂ ಉಗಿಯುತ್ತೀರಲ್ಲ ಎಂದು ನಾನು ರೇಗಿಸುತ್ತಿದ್ದೆ. ಗಂಟಲು ತಿಂದದ್ದು ಆ ಹೊಗೆಸೊಪ್ಪೇ ಎಂದು ಬೆಂಗಳೂರಿನ ಡಾಕ್ಟರು ಹೇಳಿದರು. ಕುಡಿದು ಬಂದ ರೋಗ ಎನ್ನುವ ನಿಮ್ಮತ್ತೆಗೆ ಈ ಸಾಲನ್ನು ಸ್ವಲ್ಪ ಜೋರಾಗಿ ಓದಿ ಹೇಳು.

ಬಿಳಿ ದ್ರಾಕ್ಷಿಯ ರೀಸ್ಲಿಂಗ್ ಎಂದರೆ ನಿಂಬೆಹಣ್ಣಿನ ಸಿಪ್ಪೆಯಂತೆ, ಹಳೆಯದಾದಷ್ಟೂ ಒಂಚೂರು ಸೀಮೆಎಣ್ಣೆಯ ವಾಸನೆ ಬರುತ್ತದಂತೆ, ತಿಳಿದವರು ಅದನ್ನೇ ಮೆಚ್ಚುತ್ತಾರಂತೆ. ಸೀಮೆಎಣ್ಣೆ ನಮ್ಮ ಸೊಸೈಟಿಯಲ್ಲೇ ಸಿಗುತ್ತದಲ್ಲ ಎಂದೆ. ಶಿರಾಜ್ ಎಂಬುದು ನೇರಳೆಹಣ್ಣಿಗೆ ಮೆಣಸು ಕುಟ್ಟಿ ಹಾಕಿದ ಹಾಗೆ. ಕ್ಯಾಬರ್ನೆಯಲ್ಲಿ ನೀಲಗಿರಿ ಎಲೆಯ ವಾಸನೆ ಇರುತ್ತದೆ, ಅಲ್ಲಿ ದ್ರಾಕ್ಷಿ ತೋಟದ ಬದಿಯಲ್ಲೇ ಆ ಮರಗಳು. ರಾಯಲ್ಪಾಡಿಗೆ ಹೋಗುವಾಗ ರಸ್ತೆ ಪಕ್ಕದ ತೋಪಿನಲ್ಲಿ ಒಂದು ಎಲೆ ಕಿತ್ತು ಹಿಸುಕಿ ನನ್ನ ಮೂಗಿಗೆ ಹಿಡಿದು, ಇದೂ ಅಲ್ಲಿಂದಲೇ ಬಂದ ಮರ ಎಂದಿದ್ದರು. ಹೇಳುವಾಗ ಅವರ ಮುಖ ನೋಡಬೇಕಿತ್ತು. ನನ್ನ ಜೊತೆ ಬಾಳಿದ ಯಾವ ವರ್ಷದಲ್ಲೂ ಅವರು ಅಷ್ಟು ಸುಖವಾಗಿದ್ದಂತೆ ನನಗೆ ಕಂಡಿರಲಿಲ್ಲ. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆಂದು ಕರೆಂಟು ಕೊಟ್ಟ ಮೇಲೆ ನಾಲಿಗೆಗೆ ರುಚಿ ಹೋಯಿತು. ಕುತ್ತಿಗೆಗೆ ತೂತು ಮಾಡಿ ಕೊಳವೆ ಹಾಕಿದ್ದರಿಂದ ಉಸಿರು ಮೂಗಿನಲ್ಲಿ ಆಡುವುದಿಲ್ಲ, ವಾಸನೆಯೂ ಇಲ್ಲ. ಮಾತಾಡಬೇಕಾದರೆ ಕೊಳವೆಯನ್ನು ಬೆರಳಲ್ಲಿ ಮುಚ್ಚಿಕೊಂಡು ಪಿಸುಗುಟ್ಟಬೇಕು. ಇದೆಲ್ಲ ನೀನೇ ಕಂಡಿದ್ದೀಯ. ನೀನು ಕಾಣದ್ದು ಇದು. ಧನುರ್ಮಾಸದ ಒಂದು ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು, ಅಟ್ಟದ ಬಾಟಲಿ ಇಳಿಸು ಎಂದರು. ನಿಮಗೆ ಗಂಜಿಯೇ ಇಳಿಯುವುದಿಲ್ಲ, ಅದೇನು ಮಾಡುತ್ತೀರಿ ಎಂದೆ. "ನಂಗಲ್ಲ ಕಣೇ. ನೀನು ಕುಡ್ದು ಹೇಳು, ನಾನು ಕೇಳಿಸ್ಕೊತೀನಿ" ಎಂದರು.

ಮೊದಲು ರೀಸ್ಲಿಂಗ್. ಬಿರಡೆ ಕೀಳುವ ಸಾಮಾನು ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು, ಸೌಟಿನ ಹಿಡಿಯಿಂದ ಒಳಕ್ಕೇ ತಳ್ಳಿದೆ. ಬಿಳಿ ವೈನು ಎಂದಿದ್ದರು, ಲೋಟಕ್ಕೆ ಬಿದ್ದದ್ದು ಕಷಾಯದ ಬಣ್ಣ. ಬಾಯಿಗೆ ಹಾಕಿದರೆ ಗಂಟಲು ಸುಟ್ಟುಹೋಗುವಂಥ ಹಳಸಿದ ಹುಳಿ. ಕೆಟ್ಟಿದೆ ಎಂದು ಕುಡಿಯದವಳಿಗೂ ತಿಳಿಯುವ ಹಾಗಿತ್ತು. ಇವರು ನನ್ನ ಬಾಯನ್ನೇ ನೋಡುತ್ತಿದ್ದರು. ಅನಸೂಯಾ, ಆ ಕಣ್ಣಿಗೆ ನಾನು ಹೇಗೆ ಹೇಳಲಿ? ನಿಂಬೆ ಸಿಪ್ಪೆಯ ಹಾಗಿದೆ, ಕೊನೆಯಲ್ಲಿ ಒಂಚೂರು ಸೀಮೆಎಣ್ಣೆ ಎಂದೆ. ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ಅವತ್ತು ಗಂಜಿಯನ್ನೂ ಬೇಡ ಅನ್ನದೆ ಕುಡಿದರು.

ಅದನ್ನು ಕಂಡ ಮೇಲೆ ನಿಲ್ಲಿಸಲು ನನ್ನಿಂದಾಗಲಿಲ್ಲ. ಕೆಲವು ದಿನ ಬಿಟ್ಟು ಶಿರಾಜ್ ತೆಗೆದೆ. ಹುಣಸೆಹಣ್ಣಿನ ಪಾತ್ರೆ ತೊಳೆದ ನೀರಿನ ಹಾಗಿತ್ತು. ನೇರಳೆ, ಮೆಣಸು ಎಂದೆ. ಧೈರ್ಯ ಬಂದಿತ್ತಲ್ಲ, ಹಿಪ್ಪುನೇರಳೆ ಹಣ್ಣಿನ ರುಚಿಯೂ ಇದೆ ಎಂದು ನನ್ನದೊಂದು ಸೇರಿಸಿದೆ. ಕ್ಯಾಬರ್ನೆಗೆ ನೀಲಗಿರಿ ಎಲೆ ಎಂದೆ. ಅವರು ಬಿಡಿಸಿ ಬಿಡಿಸಿ ಕೇಳುವರು, ಬಾಯಲ್ಲಿ ಎಷ್ಟು ಹೊತ್ತು ನಿಂತಿತು, ನಾಲಿಗೆ ಒಗರಾಯಿತೇ ಎಂದು. ನಾನು ಹೌದು ಹೌದು ಎಂದು ಹೇಳಿ, ಬಚ್ಚಲಿಗೆ ಹೋಗಿ ಬಾಯಿ ತೊಳೆದು ಅತ್ತು ಬರುತ್ತಿದ್ದೆ. ಅವರಿಗೆ ಸುಳ್ಳು ಹೇಳಿದ್ದಕ್ಕೆ ಅಳು ಬಂದದ್ದಲ್ಲ. ಇಷ್ಟು ವರ್ಷ ಆಸೆಯಿಂದ ಕಾದ ಮನುಷ್ಯನಿಗೆ ದಕ್ಕಿದ್ದು ಹೆಂಡತಿಯ ಬಾಯಿಮಾತು ಮಾತ್ರವಾಯಿತಲ್ಲ ಎಂದು.

ಸಂಕ್ರಾಂತಿಯ ಮರುದಿನ ನಾಲ್ಕನೆಯದು ತೆಗೆದೆ, ಮಸ್ಕಟ್. ಅದರ ವಿಷಯ ಅವರು ಹಿಂದೆ ಹೆಚ್ಚು ಹೇಳಿರಲಿಲ್ಲ, ಊಟವಾದ ಮೇಲೆ ಕುಡಿಯುವ ಸಿಹಿ ಎಂದಷ್ಟೇ. ಏನು ಹೇಳಲಿ ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಲೋಟ ಎತ್ತಿದೆ. ಬಾಯಿಗೆ ಹಾಕಿದೆ. ಮಗಳೇ, ಅದು ಕೆಟ್ಟಿರಲಿಲ್ಲ. ಒಬ್ಬಟ್ಟಿನ ಹೂರಣ ಕುದಿಯುವಾಗ ಪಾತ್ರೆಯ ತಳದಲ್ಲಿ ಹಿಡಿದ ಬೆಲ್ಲವನ್ನು ಚಿಕ್ಕವಳಿದ್ದಾಗ ಕೆರೆದು ತಿನ್ನುತ್ತಿದ್ದೆಯಲ್ಲ, ಅದು. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಇನ್ನೂ ಏನೇನೋ, ನನಗೆ ಹೆಸರು ಗೊತ್ತಿಲ್ಲದ್ದು. ನುಂಗಿದ ಮೇಲೂ ಹೋಗಲಿಲ್ಲ. ಎದುರಿಗೆ ಅವರಿದ್ದಾರೆ, ಹೇಳಬೇಕು ಎಂಬುದೇ ಮರೆತು ಇನ್ನೊಂದು ಗುಟುಕು ಕುಡಿದೆ. ಆ ಒಂದು ಗಳಿಗೆ ನಾನು ಸುಖಪಟ್ಟೆ, ಸುಳ್ಳು ಹೇಳುವುದಿಲ್ಲ.

ಅವರು ಕೊಳವೆಗೆ ಬೆರಳಿಟ್ಟರು. "ಇದು ಚೆನ್ನಾಗದೆ. ಆ ಮೂರೂ ಕೆಟ್ಟಿದ್ವು, ಅಲ್ವಾ ಗಂಗೂ?"

ನಾನು ಲೋಟ ಕೆಳಗಿಟ್ಟೆ. "ಒಂಬತ್ತು ಬೇಸ್ಗೆ ಹೆಂಚಿನ ಕೆಳ್ಗೆ ಇದ್ದಿದ್ದು ಉಳೀತದಾ? ಇದು ಸಾರಾಯಿ ಬೆರ್ಸಿ ಕಟ್ಟಿದ್ದು, ಇದಕ್ಕೆ ಬಿಸ್ಲು ತಾಗಲ್ಲ. ಅವು ಮೂರಕ್ಕೂ ನೀನು ನುಂಗೋಕೆ ಮುಂಚೇನೇ ಮಾತಾಡ್ದೆ. ಇವತ್ತು ಸುಮ್ನಿದ್ದೆ" ಎಂದರು. ಮತ್ತೆ ಗೊತ್ತಿದ್ದೂ ಯಾಕೆ ಕೆಟ್ಟದ್ದನ್ನು ನನಗೆ ಕುಡಿಸಿದಿರಿ ಎಂದು ರೇಗಿದೆ. ಅದಕ್ಕವರು, ನೀನು ಹೇಳುವುದನ್ನು ಕೇಳುತ್ತಿರಬೇಕು ಎನಿಸಿತು, ನಾನು ಅಂದಿದ್ದನ್ನೆಲ್ಲ ಇಷ್ಟು ವರ್ಷ ಇಟ್ಟುಕೊಂಡಿದ್ದೀಯಲ್ಲ ಎಂದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವರೂ ನಕ್ಕರು. ನೀನು ಬಾಗಿಲಿಗೆ ಬಂದದ್ದು ಆ ಹೊತ್ತಿಗೇ ಇರಬೇಕು. ಅವರ ನಗುವಿಗೆ ಈಗ ಸದ್ದಿಲ್ಲ, ಅದಕ್ಕೆ ನಿನಗೆ ನನ್ನದೊಂದೇ ಕೇಳಿಸಿತು.

ಇಷ್ಟೇ ನಡೆದದ್ದು. ಅವರು ದಿನದಿಂದ ದಿನಕ್ಕೆ ಇಳಿಯುತ್ತಿದ್ದಾರೆ. ಯುಗಾದಿ ಕಾಣುವುದು ಕಷ್ಟ ಎಂದು ಇಲ್ಲಿಯ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನನ್ನ ಮೇಲಿನ ಸಿಟ್ಟನ್ನು ಬೇಕಾದರೆ ಹಾಗೇ ಇಟ್ಟುಕೋ, ನಾನು ಇನ್ನೂ ಬದುಕಿರುತ್ತೇನೆ, ಆಮೇಲೆ ತೀರಿಸಿಕೊಳ್ಳುವೆಯಂತೆ. ಅವರಿಗಾಗಿ ಬಂದು ಹೋಗು. ನಾನು ಎದುರಿಗಿರುವುದು ಬೇಡವಾದರೆ ನೀನಿರುವಷ್ಟು ಹೊತ್ತು ಅಂಜಮ್ಮನ ಮನೆಯಲ್ಲಿ ಕೂತಿರುತ್ತೇನೆ.

ಇಂತಿ ನಿನ್ನ ದಾರಿ ನೋಡುತ್ತಿರುವ ಅಮ್ಮ,
ಗಂಗರತ್ನಮ್ಮ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಕಾರ್ಡಿನ ಸಂಗತಿ ನಿಮ್ಮಪ್ಪನಿಗೆ ಹೇಳಿಲ್ಲ ಎಂದೆನಲ್ಲ, ಅದು ಅರ್ಧ ನಿಜ. ಪೋಸ್ಟಿನ ಮುನಿಕೃಷ್ಣಪ್ಪ ಮಾಲೂರಿಂದ ಕಾರ್ಡು ಬಂದಿದೆ ಎಂದು ಅವತ್ತು ಬೀದಿಯಿಂದಲೇ ಕೂಗಿದ. ಓದು ಎಂದು ಇವರು ಸನ್ನೆ ಮಾಡಿದರು. ನಿನ್ನ ಆ ನಾಲ್ಕು ಸಾಲನ್ನು ಕೈಯಲ್ಲಿ ಹಿಡಿದುಕೊಂಡೇ, ಯಾವಾಗಲೂ ಅಪ್ಪನದೇ ಯೋಚನೆ, ಮಾವು ಹೂ ಬಿಟ್ಟಿದೆಯಾ, ಬೇಗ ಬರುತ್ತೇನೆ ಎಂದು ಬಾಯಿಗೆ ಬಂದದ್ದನ್ನು ಓದಿದೆ. ಆಮೇಲೆ ವಾರ ವಾರವೂ ಹೊಸದು ಬಂದಿದೆ ಎಂದು ಅದೇ ಕಾರ್ಡು ಹಿಡಿದು ಓದುತ್ತಾ ಬಂದೆ. ಮೊನ್ನೆ ಓದಿ ಮುಗಿಸಿದಾಗ ಕೊಡು ಎಂದು ಕೈ ಚಾಚಿದರು. ಇಲ್ಲ ಎನ್ನಲಾಗಲಿಲ್ಲ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ ದಿಂಬಿನ ಕೆಳಗೆ ಇಟ್ಟುಕೊಂಡರು. ಇವತ್ತು ಬೆಳಿಗ್ಗೆ ಕೊಳವೆಗೆ ಬೆರಳಿಟ್ಟು, "ಅನ್ಸೂಯನ ಕಾಗ್ದ ಬಂದಿದ್ರೆ ಓದು" ಎಂದರು. ಓದುವುದಕ್ಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.