ಸಾರಿಗೊಂದು ಮೂಗು

ಆಂಟಾಪ್ ಹಿಲ್,
ಭಾನುವಾರ ಬೆಳಿಗ್ಗೆ

ಪ್ರೀತಿಯ ಮಾವನಿಗೆ, ನಿಮ್ಮ ಸೊಸೆ ಮಾಡುವ ನಮಸ್ಕಾರ.

ಒಂದೇ ಮನೆಯಲ್ಲಿದ್ದೂ ಪತ್ರ ಬರೆಯುತ್ತಿದ್ದೇನೆ. ಎದುರಿಗೆ ಹೇಳಿದರೆ ನೀವು ಟಿವಿಯ ಧ್ವನಿ ಏರಿಸುತ್ತೀರಿ.

ಸಂಜೆ ನಿಮ್ಮ ತಮ್ಮ ವಾದಿರಾಜ ಚಿಕ್ಕಪ್ಪ ಊರಿನಿಂದ ಆರು ಮಂದಿಯ ಜೊತೆ ಊಟಕ್ಕೆ ಬರುತ್ತಾರೆ. "ಅಣ್ಣನ ಕೈಯ ಸಾರಿಲ್ಲದಿದ್ರೆ ಕುರ್ಲಾದಿಂದಲೇ ವಾಪಸ್ ರೈಲು ಹತ್ತುತ್ತೇನೆ ಮಾರಾಯ್ತಿ" ಎಂದು ಫೋನಿನಲ್ಲಿ ಬೆದರಿಸಿದ್ದಾರೆ.

ನಲವತ್ತು ವರ್ಷ ಹೋಟೆಲಿನಲ್ಲಿ, ದೇವರಿಗಿಡುವ ಮೊದಲು ನೀವು ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವರಲ್ಲ. ಅಡುಗೆಯ ಹದವನ್ನೆಲ್ಲ ಮೂಗೇ ಹೇಳುತ್ತಿತ್ತು. ಕಳೆದ ತಿಂಗಳ ಜ್ವರ ಹೋಗುವಾಗ ಆ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೂ ಒಯ್ದಿದೆ ಎಂದು ನನಗೆ ಗೊತ್ತು. ನಿನ್ನೆ ನಾನು ಬಂದಾಗ ಗ್ಯಾಸ್ ಸೋರಿ ಅಡುಗೆಮನೆ ತುಂಬಿತ್ತು. ನೀವು ಅಲ್ಲೇ ಕೂತು ಪೇಪರ್ ಓದುತ್ತಿದ್ದಿರಿ. ಮೆಲ್ಲಗೆ ಗ್ಯಾಸಿನ ಗುಂಡಿ ತಿರುಗಿಸಿ, ಸೆಕೆಯೆಂದು ಹೇಳಿ ಕಿಟಕಿ ತೆರೆದೆ. ನಿಮ್ಮ ಮಗನಿಗೆ ಹೇಳಿಲ್ಲ. ಹೇಳಿದರೆ ನಾಳೆಯಿಂದ ನಿಮಗೆ ಅಡುಗೆಮನೆ ಬಂದ್.

ಆದ್ದರಿಂದ, ನಾನು ಮಾರ್ಕೆಟ್ಟಿನಿಂದ ಬರುವವರೆಗೆ ಒಲೆ ಹಚ್ಚಬೇಡಿ. ಆಮೇಲೆ ಸೌಟು ನಿಮ್ಮದೇ. ಸೊಸೆ ಅಡುಗೆಯಲ್ಲಿ ಮೂಗು ತೂರಿಸಬಾರದೆಂದು ಗದರುತ್ತಿದ್ದಿರಲ್ಲ, ಇನ್ನು ತೂರಿಸಲು ಬಿಡಿ. ಸಾಸಿವೆ ಸೀಯುವ ಮೊದಲು ಒಮ್ಮೆ ಕೆಮ್ಮುತ್ತೇನೆ. ಹುಣಿಸೆಯ ಹಸಿವಾಸನೆ ಹೋಗದಿದ್ದರೆ ಎರಡು ಸಲ. ಎಲ್ಲ ಸರಿಯಿದ್ದರೆ ಸುಮ್ಮನಿರುತ್ತೇನೆ. ನಾನು ಸುಮ್ಮನಿದ್ದೇನೆಂದು ಗಾಬರಿಯಾಗಬೇಡಿ. ಚಿಕ್ಕಪ್ಪ ಕೇಳಿದರೆ ನನಗೆ ಶೀತ ಎನ್ನಿ.

ಒಪ್ಪಿಗೆಯಿದ್ದರೆ ಮಾತಾಡುವುದೇನೂ ಬೇಡ. ನಿಮ್ಮ ಕಿಸೆಯಲ್ಲಿರುವ ಗ್ಯಾಸ್ ಲೈಟರನ್ನು ಈ ಪತ್ರದ ಮೇಲಿಡಿ, ಸಾಕು.

ನಿಮ್ಮ ಸಾರಿಗಾಗಿ ಕೆಮ್ಮಲು ಸಿದ್ಧಳಾದ,
ನಮಿತಾ