ಸದ್ದಿಲ್ಲದ ಸ್ಟೂಲು

ತಾ. 3, ಬೆಳಿಗ್ಗೆ 9.10

ಅಪ್ಪ ಫ್ಯಾಕ್ಟರಿಯಿಂದ ಬಂದರು. ಅಲ್ಲಿ ನೈಟ್ ಗಾರ್ಡ್. ತಿಂಡಿ ತಿಂದು ಗೋಡೆ ಕಡೆ ತಿರುಗಿ ಮಲಗಿದರು. ಅಮ್ಮ ಆಗಲೇ ಕೆಲಸಕ್ಕೆ ಹೋದಳು. ನನ್ನ ಕಾಲೇಜು ಮಧ್ಯಾಹ್ನ ಎರಡಕ್ಕೆ. ಅಲ್ಲಿಯವರೆಗೆ ಇದೊಂದೇ ಕೋಣೆಯಲ್ಲಿ ಅಪ್ಪನ ನಿದ್ದೆ, ನನ್ನ ಪ್ರಾಜೆಕ್ಟು.

ಮೊದಲ ಡಿಸೈನ್ ಪ್ರಾಜೆಕ್ಟು. ಒಬ್ಬರು ಕೂರುವಂಥ ಮರದ ಸ್ಟೂಲು. ಹದಿನೈದಕ್ಕೆ ಒಪ್ಪಿಸಬೇಕು. ವರ್ಕ್‌ಶಾಪು ಸೀನಿಯರುಗಳ ಪಾಲು. "ಮನೇಲಿ ಮಾಡ್ಕೊಳ್ಳಿ, ಜಾಗ ಇರುತ್ತಲ್ಲ," ಎಂದರು ಮೇಷ್ಟ್ರು. ಇದೆ. ಅಪ್ಪನ ಕಾಲಿಗೂ ಒಲೆಗೂ ನಡುವೆ ಎರಡೂವರೆ ಅಡಿ.

ತಾ. 4, ಬೆಳಿಗ್ಗೆ 10.00

ಗರಗಸ ಎಳೆದದ್ದು ಎರಡೇ ಸಲ. ಅಪ್ಪ ಮಗ್ಗುಲಾದರು. ನಿಲ್ಲಿಸಿಬಿಟ್ಟೆ. ಹೋದ ತಿಂಗಳು ಡ್ಯೂಟಿಯಲ್ಲಿ ತೂಕಡಿಸಿ ಸಿಕ್ಕಿಬಿದ್ದಿದ್ದಾರೆ. ಇನ್ನೊಮ್ಮೆ ಸಿಕ್ಕರೆ ಮನೆಗೆ ಹೋಗು ಎಂದಿದ್ದಾನಂತೆ ಸೂಪರ್‌ವೈಸರ್. ನನ್ನ ಗರಗಸಕ್ಕೆ ಅವರ ಕೆಲಸ ಹೋಗುವುದು ಬೇಡ. ರಾತ್ರಿ ಮಾಡೋಣವೆಂದರೆ ಮನೆ ಓನರ್ ಸದ್ದು ಮಾಡಲು ಬಿಡುವುದಿಲ್ಲ.

ಮರದ ಜೊತೆ ನಾನೂ ಕಂಬಳಿಯೊಳಗೆ ತೂರಿಕೊಂಡು ಕೊಯ್ದೆ. ಒಂದು ಕಾಲಿಗೆ ಒಂದೂಕಾಲು ಗಂಟೆ. ಬಾಯಿ ತುಂಬ ಉಣ್ಣೆ.

ತಾ. 8

ಮೂರು ದಿನ ಬರೆಯಲಿಲ್ಲ. ಬೆರಳು ಮಡಚಲು ಬರುತ್ತಿರಲಿಲ್ಲ. ನಾಲ್ಕೂ ಕಾಲು ಆದವು. ಮೊಳೆ ಹೊಡೆಯುವಂತಿಲ್ಲ... ಹಗ್ಗ ಸುತ್ತಿ ಬಿಗಿದೆ. ಎಲ್ಲವೂ ಬೆಕ್ಕಿನ ಹೆಜ್ಜೆಯಲ್ಲಿ. ಒಂಚೂರು ಹೆಮ್ಮೆಯೂ ಆಯಿತು, ಸುಳ್ಳೇಕೆ.

ತಾ. 12, ಸಂಜೆ

ಸ್ಟೂಲನ್ನು ಕಾಲೇಜಿಗೆ ಒಯ್ದು ತೋರಿಸಿದೆ. ಮೇಷ್ಟ್ರು ಅದಕ್ಕೆ ಒಂದು ಸುತ್ತು ಬಂದರು. "ಏನಮ್ಮ, ಆಸ್ಪತ್ರೆಯಿಂದ ಕರ್ಕೊಂಡ್ ಬಂದ್ಯಾ? ಮೈತುಂಬ ಬ್ಯಾಂಡೇಜು!" ಕೂತರು. ವಾಲಿತು.

"ನೆಲ ಡೊಂಕು ಸಾರ್," ಎಂದುಬಿಟ್ಟೆ. ಕ್ಲಾಸೆಲ್ಲ ಗೊಳ್ಳೆಂದಿತು. ಕುಣಿಯಲಾರದವಳ ಗಾದೆ ಯಾರಿಗೆ ಗೊತ್ತಿಲ್ಲ?

"ಕಾಲಿಗೆರಡು ಮೊಳೆ ಹೊಡಿ. ಹದಿನೈದಕ್ಕೆ ಅಲ್ಲಾಡಿದ್ರೆ ಈ ಸೆಮಿಸ್ಟರ್ ಮತ್ತೆ ಮಾಡ್ಬೇಕಾಗುತ್ತೆ."

ಮನೆಗೆ ಬಂದರೆ ಅಮ್ಮ: "ನಿಮ್ಮಪ್ಪ ನಿನ್ನೆ ಮತ್ತೆ ತೂಕಡಿಸಿದ್ರಂತೆ. ಜೊತೆಯವನು ಎಬ್ಬಿಸಿದ್ದಕ್ಕೆ ಬಚಾವು. ಹಗಲು ಸದ್ದು ಮಾಡ್ತೀಯೇನೇ?"

"ಇಲ್ಲಮ್ಮ. ಸೂಜಿ ಬಿದ್ರೂ ಕೇಳ್ಬೇಕು, ಹಾಗಿರ್ತೀನಿ."

ಇಷ್ಟು ಮಾಡಿಯೂ ಹೀಗೆ. ಸಾಕಾಗಿದೆ. ಊಟ ಮಾಡದೆ ಮಲಗುತ್ತೇನೆ.

ತಾ. 14, ಬೆಳಿಗ್ಗೆ 11.20

ವರ್ಕ್‌ಶಾಪಿನಲ್ಲಿ ಕೇಳಿದೆ. ಹದಿನೇಳರವರೆಗೆ ಪುರುಸೊತ್ತಿಲ್ಲವಂತೆ. ಬಾಗಿಲಾಚೆ ಮೆಟ್ಟಿಲು, ಅಲ್ಲಿ ಹೊಡೆದರೂ ಅದೇ ಸದ್ದು. ಸುತ್ತಿಗೆಗೆ ಟವೆಲ್ ಸುತ್ತಿದೆ. ಎತ್ತಿದೆ. ಇಳಿಸಿದೆ. ಮತ್ತೆ ಎತ್ತಿದೆ.

"ಹೊಡಿಯಮ್ಮ."

ಅಪ್ಪನ ಕಣ್ಣು ತೆರೆದೇ ಇತ್ತು.

"ನಿದ್ದೆ ಬಂದಿಲ್ವಾ ಅಪ್ಪ?"

"ಎಲ್ಲಿಂದ ಬರ್ಬೇಕು? ಹತ್ತು ದಿನದಿಂದ ನೀನು ಉಸಿರೂ ಬಿಡ್ತಿಲ್ಲ. ಕೈ ಕೊಯ್ಕೊಂಡ್ಲಾ, ಅಳ್ತಾ ಕೂತಿದಾಳಾ ಅಂತ ಕಿವಿಯೆಲ್ಲ ಈ ಕಡೇನೇ. ಇಪ್ಪತ್ತು ವರ್ಷ ಜನರೇಟರ್ ಪಕ್ಕ ಕೂತವನು ನಾನು. ಸದ್ದಿಗೆ ಏಳ್ತೀನಾ? ಸದ್ದಿದ್ರೇನೇ ನಿದ್ದೆ ನಂಗೆ."

"ಮೊದ್ಲೇ ಹೇಳೋಕೇನಾಗಿತ್ತು?" ರೇಗಿತು ನನಗೆ. ನಿಜವಾಗಿ ರೇಗಿತು.

"ಏನೋ ಯೋಚನೆ ಮಾಡ್ತಿರ್ತೀಯ ಅಂತ ನಾನೂ ಸುಮ್ನಿದ್ದೆ."

11.50

ಟವೆಲ್ ಬಿಚ್ಚಿ ಹೊಡೆದೆ. ಮೊದಲ ಮೊಳೆ ಸೊಟ್ಟ. ಮೂರನೆಯದಕ್ಕೆ ಗೊರಕೆ ಶುರು. ಹತ್ತು ದಿನದಲ್ಲಿ ಮೊದಲ ಗೊರಕೆ.

12.30

ಎಂಟೂ ಆಯಿತು. ಕೂತು ನೋಡಿದೆ. ಅಲ್ಲಾಡಲಿಲ್ಲ. ಸುತ್ತಿಗೆ ಕೆಳಗಿಟ್ಟೆ.

ಗೊರಕೆ ನಿಂತಿತು. ಅಪ್ಪ ಮಗ್ಗುಲಾದರು.

ಮಿಕ್ಕ ಹಲಗೆಯ ಚೂರು ಎಳೆದುಕೊಂಡೆ. ಸುಮ್ಮನೆ ಅದಕ್ಕೇ ಬಡಿಯುತ್ತಿದ್ದೇನೆ. ಬಲಗೈಯಲ್ಲಿ ಸುತ್ತಿಗೆ, ಪೆನ್ನು ಎಡಗೈಯಲ್ಲಿ, ಅದಕ್ಕೇ ಅಕ್ಷರ ಹೀಗೆ. ಗೊರಕೆ ಮತ್ತೆ ಬಂತು. ಕಾಲೇಜಿಗೆ ಹೊರಡಲು ಇನ್ನೂ ಒಂದು ಗಂಟೆ ಇದೆ. ತೋಳು ಬಿದ್ದುಹೋಗುವಂತಿದೆ. ನಿಲ್ಲಿಸಿದರೆ ಏಳುತ್ತಾರೆ. ಇನ್ನೊಂದು—