ಬಾಗಿಲು ತೆಗೀರಿ, ಡಾಕ್ಟ್ರೇ

ಮನೆ, ಮಹಡಿಯ ಕೋಣೆ
ಹದಿನಾಲ್ಕನೇ ತಾರೀಕು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಅಮ್ಮನ ಸೊಂಟದ ನೋವು ಈಗ ಎಷ್ಟೋ ವಾಸಿಯಂತೆ. ಕೋಲು ಊರಿಕೊಂಡು ಗೇಟಿನವರೆಗೆ ನಡೆದಳಂತೆ, ನಡೆದವಳೇ ಅದೇ ಕೋಲಿನಲ್ಲಿ ಪಕ್ಕದ ಮನೆಯ ಬೆಕ್ಕನ್ನು ಓಡಿಸಿದಳಂತೆ. ಭಾವ ಇದನ್ನು ಹೇಳಿ ಹೇಳಿ ನಕ್ಕರು. ಬೆಕ್ಕು ಓಡಿಸುವಷ್ಟು ಗಟ್ಟಿಯಾಗಿದ್ದಾಳೆ ಎಂದರೆ ಗಾಬರಿಯಿಲ್ಲ. ಆದರೂ ಅವಳನ್ನು ನಂಬಬೇಡ, ಮಾತ್ರೆಯನ್ನು ನಾಲಿಗೆಯ ಕೆಳಗೆ ಬಚ್ಚಿಟ್ಟುಕೊಂಡು ಆಮೇಲೆ ಹೂಕುಂಡಕ್ಕೆ ಉಗುಳುತ್ತಾಳೆ. ನುಂಗುವವರೆಗೆ ಎದುರಿಗೇ ಕೂತಿರು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಅವಳ ಚಾಕರಿಯಲ್ಲಿ ನಿನ್ನ ಬೆನ್ನು ಹಿಡಿದುಕೊಂಡರೆ ನಿಮ್ಮಿಬ್ಬರನ್ನೂ ನೋಡಿಕೊಳ್ಳಲು ನಾನೇ ಬರಬೇಕಾಗುತ್ತದೆ, ನನ್ನ ಅಡುಗೆ ಹೇಗಿರುತ್ತದೆಂದು ನಿನಗೆ ಗೊತ್ತೇ ಇದೆ. ಇಲ್ಲಿ ಪಾತ್ರೆಗಳು ತಳ ಹಿಡಿದು ಕರ್ರಗಾಗಿವೆ. ನೀನು ಬಂದು ಬೈಯುವ ಮುಂಚೆ ಉಜ್ಜಿಡುತ್ತೇನೆ.

ಫೋನಿರುವಾಗ ಇವನಿಗೇಕೆ ಕಾಗದ ಬರೆಯುವ ಹುಚ್ಚು ಎಂದು ನಿನಗೆ ಅನ್ನಿಸಿರಬೇಕು. ಫೋನ್ ಮಾಡಿದರೆ ಅಮ್ಮ ‘ಸ್ಪೀಕರ್ ಹಾಕೇ, ನಾನೂ ಕೇಳ್ತೀನಿ’ ಅನ್ನುತ್ತಾಳೆ. ಮೆಸೇಜು ಹಾಕೋಣವೆಂದರೆ ನಿನ್ನ ಫೋನು ಹಗಲೆಲ್ಲ ಅವಳ ಕೈಯಲ್ಲೇ ಇರುತ್ತದೆ. ಇದು ನಿನ್ನೊಬ್ಬಳಿಗೆ ಮಾತ್ರ ಗೊತ್ತಾಗಬೇಕಾದ ವಿಷಯ. ಎದುರುಮನೆಯ ಡ್ರೈವರ್ ಇವತ್ತು ಸಂಜೆ ಆ ಕಡೆಗೆ ಗಾಡಿ ತೆಗೆದುಕೊಂಡು ಹೋಗುತ್ತಿದ್ದಾರೆ, ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ಓದುವಾಗ ಮುಖ ಸ್ವಲ್ಪ ನೆಟ್ಟಗಿಟ್ಟುಕೋ.

ಮೊದಲು ನನ್ನ ಪಾಲಿನ ಗೊಣಗಾಟ ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ಇದು ನನ್ನ ಕಾಗದವೆಂದೇ ನೀನು ನಂಬುವುದಿಲ್ಲ. ಅಕ್ಕಾ, ನನಗೆ ಸಾಕಾಗಿಹೋಗಿದೆ. ಆಫೀಸಿನ ಆ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲ, ಹೊರಗೆ ಮಳೆಯೋ ಬಿಸಿಲೋ ತಿಳಿಯುವುದಿಲ್ಲ. ಬೆಳಿಗ್ಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಸಂಜೆ ಕೀಳುವಾಗ ಕಿವಿಯೂ ಜೊತೆಗೇ ಕಿತ್ತು ಬಂದಂತಾಗುತ್ತದೆ. ಒಬ್ಬರಿಗೆ ಪ್ರಿಂಟರ್ ಓಡುತ್ತಿಲ್ಲ. ವೈರು ಸಿಕ್ಕಿಸಿದ್ದೀರಾ ಎಂದರೆ ‘ನನ್ನನ್ನ ಏನಂದ್ಕೊಂಡಿದ್ದೀರಿ?’ ಎಂದು ರೇಗುತ್ತಾರೆ. ನಾಲ್ಕು ಮಹಡಿ ಹತ್ತಿ ಹೋಗಿ ನೋಡಿದರೆ ವೈರು ಕುರ್ಚಿಯ ಕೆಳಗೆ ಹಾಯಾಗಿ ಮಲಗಿರುತ್ತದೆ. ಯಾರೂ ಏನೂ ಮಾಡಿರುವುದಿಲ್ಲ, ಎಲ್ಲವೂ ತಾನಾಗಿಯೇ ಕೆಡುತ್ತದೆ. ಕೀಬೋರ್ಡಿಗೆ ಚಹಾ ಕೂಡ ತಾನಾಗಿಯೇ ಚೆಲ್ಲಿಕೊಂಡಿರುತ್ತದೆ. ಸರಿಮಾಡಿ ಕೊಟ್ಟಾಗ ಒಂದು ಒಳ್ಳೆಯ ಮಾತಿಲ್ಲ, ಕೆಟ್ಟಾಗ ಮಾತ್ರ ಬಾಯಿತುಂಬ ಮಂಗಳಾರತಿ. ಇಷ್ಟು ವರ್ಷವಾದರೂ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ‘ಏಯ್ ಐಟಿ, ಬಾ ಇಲ್ಲಿ’ ಎಂದು ಕರೆಯುತ್ತಾರೆ, ನಾನೂ ನಾಚಿಕೆಯಿಲ್ಲದೆ ಹೋಗುತ್ತೇನೆ. ಮನೆಗೆ ಬಂದ ಮೇಲೆ ಯಾರಾದರೂ ‘ಸ್ವಲ್ಪ ನೋಡು’ ಎಂದರೆ ಮೈಯೆಲ್ಲ ಉರಿಯುತ್ತದೆ. ನಿನ್ನ ಮೇಲೂ ಎಷ್ಟೋ ಸಲ ಸಿಡುಕಿದ್ದೇನೆ, ಹೊಟ್ಟೆಗೆ ಹಾಕಿಕೋ.

ಆ ಕಟ್ಟಡದಲ್ಲಿ ನನ್ನನ್ನು ಮನುಷ್ಯನ ಹಾಗೆ ಮಾತಾಡಿಸುವವರು ಭಾವ ಒಬ್ಬರೇ. ಅದೂ ಹೇಗೆ! ನಾವು ಭಾವ-ಭಾವಮೈದುನ ಎನ್ನುವುದು ಅಲ್ಲಿ ಯಾರಿಗೂ ಗೊತ್ತಿಲ್ಲವಲ್ಲ. ‘ನನ್ನ ಹೆಸರು ಹೇಳ್ಕೊಂಡು ಕೆಲಸಕ್ಕೆ ಸೇರಿದೆ ಅಂತ ನಿನ್ನನ್ನ ಯಾರೂ ಆಡ್ಕೋಬಾರದು’ ಎಂದು ಅವರೇ ಹಟ ಹಿಡಿದರು. ಹಾಗಾಗಿ ಮನೆಯಲ್ಲಿ ‘ಲೋ’ ಎನ್ನುವವರು ಆಫೀಸಿನ ಫೋನಿನಲ್ಲಿ ಬಹುವಚನ ಬಿಟ್ಟು ಇಳಿಯುವುದಿಲ್ಲ. ರಜೆ ಕಳೆದು ಬಂದರೆ ಸಾಕು, ಅವರು ಪಾಸ್‌ವರ್ಡ್ ಮರೆತಿರುತ್ತಾರೆ. ತಪ್ಪುತಪ್ಪಾಗಿ ಒತ್ತಿ ಒತ್ತಿ ಖಾತೆಗೆ ಬೀಗ ಬೀಳುತ್ತದೆ. ಕಂಪ್ಯೂಟರಿಗೆ ಮದ್ದು ಕೊಡುವವನೆಂದು ನಾನು ಅವರಿಗೆ ಡಾಕ್ಟ್ರು. ಆಗ ಫೋನು, ‘ಬಾಗಿಲು ತೆಗೀರಿ, ಡಾಕ್ಟ್ರೇ!’ ನಾನು ಅವರ ಸಿಬ್ಬಂದಿ ನಂಬರು ಕೂಡ ಕೇಳುವುದಿಲ್ಲ. ಬಾಯಲ್ಲಿ ಇನ್ನೊಬ್ಬರಿಗೆ ಉತ್ತರ ಹೇಳುತ್ತಿರುವಾಗಲೇ ನನ್ನ ಕೈ ಅವರ ಹೆಸರು ಒತ್ತಿ, ಬೀಗ ತೆಗೆದು, ಹೊಸ ಪಾಸ್‌ವರ್ಡ್ ಕೊಟ್ಟಿರುತ್ತದೆ. ‘ನಿಮ್ಮ ಹೊಟ್ಟೆ ತಣ್ಣಗಿರಲಿ’ ಎಂದು ಇಡುತ್ತಾರೆ. ಇಡೀ ದಿನದಲ್ಲಿ ನನಗೆ ನಗು ಬರುವುದು ಅದೊಂದೇ ಫೋನಿಗೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕೆಲಸದಲ್ಲಿ ಇನ್ನೊಂದು ಭಾಗವಿದೆ, ಅದನ್ನು ನಾನು ಮನೆಯಲ್ಲಿ ಯಾವತ್ತೂ ಹೇಳಿಲ್ಲ. ಯಾರನ್ನಾದರೂ ಕೆಲಸದಿಂದ ತೆಗೆಯುವುದಾದರೆ ಅವರಿಗಿಂತ ಮೊದಲು ನಮಗೆ ಬರುತ್ತದೆ ಅಪ್ಪಣೆ, ಇಂಥ ಹೊತ್ತಿಗೆ ಇಂಥ ಖಾತೆಗೆ ಬೀಗ ಹಾಕಿ ಎಂದು. ಆ ಹೊತ್ತಿಗೆ ಸರಿಯಾಗಿ ಅವರನ್ನು ಕುರ್ಚಿಯಿಂದ ಎಬ್ಬಿಸಿ ಮೀಟಿಂಗ್ ರೂಮಿಗೆ ಕರೆದೊಯ್ಯುತ್ತಾರೆ. ಅವರು ಒಳಗೆ ಸುದ್ದಿ ಕೇಳುತ್ತಿರುವಾಗ ಹೊರಗೆ ಅವರ ಕಂಪ್ಯೂಟರ್ ಸತ್ತಿರುತ್ತದೆ. ಬೀಗ ಹಾಕುವ ಪರದೆಯಲ್ಲಿ ಹೆಸರು ಕಾಣುವುದಿಲ್ಲ, ಬರೀ ನಂಬರು. ನಾವೆಲ್ಲಿ ಬಾಯಿಬಿಟ್ಟುಬಿಡುತ್ತೇವೋ ಎಂದು ಮೇಲಿನವರಿಗೆ ಭಯ. ನನಗೂ ಅದೇ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಹೆಸರಿಲ್ಲದ ನಂಬರಿಗೆ ಬೀಗ ಹಾಕಿ ಚಹಾ ಕುಡಿಯಬಹುದು.

ಬುಧವಾರ ಹಾಗೆ ಒಂದಷ್ಟು ನಂಬರು ಬಂದವು. ಹಾಕಿದೆ. ಸ್ವಲ್ಪ ಹೊತ್ತಿಗೇ ಫೋನು ಬಂತು, ‘ಬಾಗಿಲು ತೆಗೀರಿ, ಡಾಕ್ಟ್ರೇ!’ ಎಂದಿನ ಹಾಗೆ ನನ್ನ ಕೈ ತನ್ನ ಪಾಡಿಗೆ ತಾನು ಓಡಿತು. ಹೆಸರು ಒತ್ತಿತು, ಬೀಗ ತೆಗೆಯಿತು. ತೆಗೆದ ಮೇಲೆ ಪರದೆಯ ಮೂಲೆಯಲ್ಲಿ ಬೀಗ ಹಾಕಿದವರು ಯಾರು ಎಂದು ತೋರಿಸುತ್ತದೆ. ತಪ್ಪು ಪಾಸ್‌ವರ್ಡಿನಿಂದ ಬಿದ್ದಿದ್ದರೆ ಅಲ್ಲಿ ಏನೂ ಇರುವುದಿಲ್ಲ. ಅವತ್ತು ಅಲ್ಲಿ ನನ್ನದೇ ಗುರುತು ಇತ್ತು. ಆಗಷ್ಟೇ ನಾನು ಬೀಗ ಹಾಕಿದ ನಂಬರುಗಳಲ್ಲಿ ಭಾವನದೂ ಒಂದಾಗಿತ್ತು ಅಕ್ಕಾ. ಅಷ್ಟರಲ್ಲಿ ಭಾವ ‘ತೆಗೀತು, ತೆಗೀತು, ನಿಮ್ಮ ಹೊಟ್ಟೆ ತಣ್ಣಗಿರಲಿ’ ಎಂದು ಇಟ್ಟೂ ಆಗಿತ್ತು.

ಆಮೇಲೆ ತಿಳಿಯಿತು, ಅವರನ್ನು ಕರೆಯಲು ಬಂದಾಗ ಅವರು ಹಿಂದಿನ ಕಟ್ಟಡದಲ್ಲಿ ಯಾವುದೋ ಹಳೆಯ ಫೈಲು ಹುಡುಕುತ್ತಿದ್ದರು. ಬಂದವರು ಖಾಲಿ ಕುರ್ಚಿ ನೋಡಿ, ಇವರು ಇವತ್ತು ರಜೆ ಎಂದುಕೊಂಡು ಹೋದರು. ಭಾವ ವಾಪಸು ಬಂದು ಕೂತರು, ಬೀಗ ಬಿದ್ದಿತ್ತು, ನನಗೆ ಫೋನ್ ಮಾಡಿದರು, ನಾನು ತೆಗೆದುಕೊಟ್ಟೆ, ಅವರು ಕೆಲಸ ಶುರುಮಾಡಿದರು. ಸಂಜೆ ಸಿಬ್ಬಂದಿ ವಿಭಾಗದ ಮೇಡಂ ನನಗೆ ಫೋನ್ ಮಾಡಿ, ಈ ಖಾತೆ ಯಾಕೆ ತೆರೆದಿದೆ ಎಂದು ಕೇಳಿದರು. ಅಭ್ಯಾಸಬಲದಿಂದ ತೆಗೆದೆ ಎಂದರೆ ಯಾರು ನಂಬುತ್ತಾರೆ? ಕೈತಪ್ಪಾಯಿತು ಎಂದೆ. ಅವರು ಬೇರೆ ಶಾಖೆಗೆ ಹೊರಟಿದ್ದರು. ‘ಹೋಗ್ಲಿ, ಈಗ ಮುಚ್ಚಿದ್ರೆ ಅವರಿಗೆ ಅನುಮಾನ ಬರುತ್ತೆ. ಸೋಮವಾರ ನಾನೇ ಕರೆದು ಹೇಳ್ತೀನಿ. ಅಲ್ಲೀವರೆಗೂ ನೀವು ಬಾಯಿ ಬಿಟ್ರೆ ನಿಮ್ಮದೂ ಅದೇ ದಾರಿ’ ಎಂದರು. ತೀರ ಸಾಧಾರಣ ದನಿಯಲ್ಲಿ ಹೇಳಿದರು, ಊಟಕ್ಕೆ ಹೋಗಿಬರುತ್ತೇನೆ ಎನ್ನುವ ಹಾಗೆ.

ಅಂದಿನಿಂದ ನಾನು ಮನೆಯಲ್ಲಿ ಭಾವನ ಮುಖಕ್ಕೆ ಮುಖ ಕೊಟ್ಟು ಮಾತಾಡಿಲ್ಲ. ಅವರಿಗೋ ಕಾಲು ನೆಲದ ಮೇಲಿಲ್ಲ. ಯಾರ್ಯಾರು ಹೋದರು ಎಂಬ ಸುದ್ದಿ ಮರುದಿನವೇ ಹಬ್ಬಿತಲ್ಲ, ತಮ್ಮ ವಿಭಾಗದಲ್ಲಿ ತಾವು ಬಚಾವಾದೆವು ಎಂದು ಅವರು ತಿಳಿದುಕೊಂಡಿದ್ದಾರೆ. ಪಕ್ಕದ ಮೇಜಿನ ಅವರ ಗೆಳೆಯರಿದ್ದಾರಲ್ಲ, ಇವರು ‘ಮೀಸೆ’ ಎಂದು ಕರೆಯುತ್ತಾರೆ, ಅವರೂ ಹೋದರು. ನಿನ್ನೆ ಸಂಜೆ ಮೀಸೆಯವರನ್ನು ಭಾವ ಮನೆಗೇ ಕರೆತಂದರು. ಆ ದೊಡ್ಡ ಮನುಷ್ಯ ನಿನ್ನ ಊಟದ ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟರು. ಇನ್ನೂ ಹೆಂಡತಿಗೆ ಹೇಳಿಲ್ಲವಂತೆ. ಭಾವ ಅವರ ಬೆನ್ನು ಸವರುತ್ತ ‘ಮೊದಲು ಮನೇಲಿ ಹೇಳು ಮಾರಾಯ. ಹೊರಗಿನವರು ಹೇಳೋದು ಬೇರೆ, ಮನೆಯವರ ಹತ್ರ ಕೂತು ಅಳೋದು ಬೇರೆ. ನಿನ್ನ ಬಾಕಿ ಕೆಲಸಾನ ನಾನು ಮುಗಿಸ್ತೀನಿ, ನಿನ್ನ ಹೆಸರು ಕೆಡೋಕೆ ಬಿಡಲ್ಲ’ ಎಂದರು. ನಾನು ಒಲೆಯ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಮೀಸೆಯವರನ್ನು ಬಸ್ಸು ಹತ್ತಿಸಿ ಬಂದು ಭಾವ ನನ್ನ ಹೆಗಲ ಮೇಲೆ ಕೈಹಾಕಿ, ‘ಪಾಪ ಕಣೋ. ನಾವು ಉಳ್ಕೊಂಡ್ವಲ್ಲ, ಡಾಕ್ಟ್ರೇ’ ಎಂದರು. ಮನೆಯಲ್ಲಿ ಅವರು ನನ್ನನ್ನು ಡಾಕ್ಟ್ರೇ ಎಂದು ಕರೆದದ್ದು ಅದೇ ಮೊದಲು. ಊಟಕ್ಕೆ ಕೂತಾಗ ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಉಪ್ಪು ಜಾಸ್ತಿಯಾಯಿತೇನೋ ಎಂದು ಅವರು ನೀರು ತಂದುಕೊಟ್ಟರು.

ಇವತ್ತು ಬೆಳಿಗ್ಗೆಯಿಂದ ಅವರು, ಮುಂದೆ ನಿನ್ನ ಜೊತೆ ಇಲ್ಲಿಗೆ ಬರುವ ಅಮ್ಮನಿಗಾಗಿ ಕೆಳಗಿನ ಕೋಣೆ ಸಿದ್ಧ ಮಾಡುತ್ತಿದ್ದಾರೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಹಿಡಿ ಹಾಕಿಸಬೇಕು ಎಂದು ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಮಾಡಿದ್ದಾರೆ. ಅಮ್ಮನ ಎತ್ತರ ಎಷ್ಟೆಂದು ನನ್ನನ್ನು ಕೇಳಿ, ನಾನು ತಡವರಿಸಿದ್ದಕ್ಕೆ ‘ಹೆತ್ತ ತಾಯಿಯ ಎತ್ತರ ಗೊತ್ತಿಲ್ಲವಲ್ಲೋ ನಿನಗೆ’ ಎಂದು ರೇಗಿಸಿದರು. ಕಿಟಕಿಯ ಪರದೆ ಒಗೆದು ಹಾಕಿದ್ದಾರೆ. ಇಷ್ಟು ಹುರುಪಿನಲ್ಲಿ ನಾನು ಅವರನ್ನು ಕಂಡು ಎಷ್ಟು ಕಾಲವಾಯಿತೋ.

ಎಷ್ಟು ಸಲ ಹೇಳಲು ಹೋದೆ, ಅಕ್ಕಾ. ಬಚ್ಚಲ ಬಾಗಿಲಲ್ಲಿ ನಿಂತು ‘ಭಾವಾ’ ಎಂದೆ. ‘ಆ ಸ್ಕ್ರೂಡ್ರೈವರ್ ಕೊಡು’ ಎಂದರು, ಕೊಟ್ಟೆ. ಕೆಲಸ ಹೋಗುವ ಹೆದರಿಕೆ ನನಗಿಲ್ಲ ಎಂದರೆ ಅದು ಸುಳ್ಳು, ಇದೆ. ಇಬ್ಬರೂ ಒಟ್ಟಿಗೆ ಮನೆಯಲ್ಲಿ ಕೂತರೆ ಗತಿಯೇನು ಎಂದು ಯೋಚನೆಯಾಗುತ್ತದೆ. ಆದರೆ ಬಾಯಿ ಕಟ್ಟುವುದು ಅದಲ್ಲ. ಹೋದವರಿಗೆಲ್ಲ ಅದು ಒಂದೇ ದಿನದಲ್ಲಿ ಮುಗಿಯಿತು. ಇವರನ್ನು ಮಾತ್ರ ನಾನು ನನ್ನ ಕೈಯಾರೆ ಎತ್ತಿ ಕೂರಿಸಿದ್ದೇನೆ, ಬೀಳಲೆಂದು. ಬುಧವಾರವೇ ಮೀಸೆಯವರ ಜೊತೆ ಕೂತು ಇವರೂ ಅತ್ತುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಸೋಮವಾರ ಆ ಗಾಜಿನ ಮೀಟಿಂಗ್ ರೂಮಿನಲ್ಲಿ ಒಬ್ಬರೇ ಕೂತು ಕೇಳಬೇಕು, ತಾವು ಇಷ್ಟು ದಿನ ಸಮಾಧಾನ ಹೇಳಿದ್ದು ಯಾರಿಗೆ ಎಂದು ಯೋಚಿಸಬೇಕು. ಆ ನಗುಮುಖ ಆಗ ಹೇಗಾಗುತ್ತದೋ.

ಅಮ್ಮನನ್ನು ಬಿಟ್ಟು ಬಾ ಎನ್ನಲು ನನಗೆ ಬಾಯಿ ಬರುತ್ತಿಲ್ಲ, ಬರಬೇಡ ಎನ್ನುವ ಧೈರ್ಯವೂ ಇಲ್ಲ. ಇಡೀ ದಿನ ಊರಿಗೆಲ್ಲ ‘ನಿಮಗೆ ಹೇಗೆ ಸಹಾಯ ಮಾಡಲಿ’ ಎಂದು ಕೇಳುವವನು ನಾನು. ಮನೆಯವರಿಗೆ ಏನು ಮಾಡಬೇಕೆಂದು ನನಗೆ ತೋಚುತ್ತಿಲ್ಲ. ನೀನೇ ಹೇಳು.

ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಬೆಕ್ಕಿನ ತಂಟೆಗೆ ಹೋಗಬೇಡವೆಂದೂ ಹೇಳು. ಪಕ್ಕದ ಬೀದಿಯ ಚಿಕ್ಕಮ್ಮನನ್ನು ಕೇಳಿದೆನೆಂದು ತಿಳಿಸು. ನಿನ್ನ ಆರೋಗ್ಯ ಜೋಪಾನ.

ನಿನ್ನ ತಮ್ಮ,
ಗೊಣಗಪ್ಪ

ತಾ.ಕ.: ಅಕ್ಕಾ, ಕವರು ಅಂಟಿಸುವಷ್ಟರಲ್ಲಿ ಭಾವ ಮೇಲೆ ಬಂದರು, ಕೈಯಲ್ಲಿ ಆಫೀಸಿನ ಲ್ಯಾಪ್‌ಟಾಪು. ಮೀಸೆಯವರ ಬಾಕಿ ಕೆಲಸ ಮುಗಿಸೋಣವೆಂದು ಕೂತರಂತೆ. ‘ತೆಗೀತಿಲ್ಲ ಕಣೋ, ಬಾಗಿಲು ತೆಗಿ’ ಎಂದರು. ನೋಡಿದೆ. ತಪ್ಪು ಪಾಸ್‌ವರ್ಡಿಗೆ ಬಿದ್ದ ಬೀಗವಲ್ಲ, ಆಫೀಸಿನಿಂದಲೇ ಹಾಕಿದ ಬೀಗ. ಮೇಡಂ ಸೋಮವಾರದವರೆಗೆ ಕಾಯದೆ ಬೇರೆ ಯಾರ ಕೈಯಲ್ಲೋ ಹಾಕಿಸಿದ್ದಾರೆ. ದಿನವೆಲ್ಲ ಹೇಳುವ ಮಾತೇ ಬಾಯಿಗೆ ಬಂತು, ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಭಾವ’ ಎಂದೆ. ಪಾಪ, ನಂಬಿಕೊಂಡು ಚಾರ್ಜರ್ ಹಾಕಲು ಕೆಳಗೆ ಹೋಗಿದ್ದಾರೆ. ಆ ಲ್ಯಾಪ್‌ಟಾಪು ಹಳೆಯದು, ಆನ್ ಆಗಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಅವರು ಮೇಲೆ ಬಂದ ತಕ್ಷಣ ನಾನೇ ಹೇಳುತ್ತೇನೆ. ಮೇಡಂ ಏನು ಬೇಕಾದರೂ ಮಾಡಿಕೊಳ್ಳಲಿ. ಅಮ್ಮನನ್ನು ಚಿಕ್ಕಮ್ಮನಿಗೆ ಒಪ್ಪಿಸಿ ವಾಪಸು ಬರುವ ಡ್ರೈವರ್ ಜೊತೆಗೇ ಹೊರಟು ಬಾ. ಮನೆಯವರ ಹತ್ತಿರ ಕೂತು ಅಳುವುದೇ ಬೇರೆ ಎಂದವರು ಅವರೇ, ಅವರಿಗೆ ಆ ಮನೆಯವಳು ನೀನು. ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿಸುತ್ತಿದೆ. ‘ಮತ್ತೆ ಅದೇ ಆಯ್ತಲ್ಲೋ’ ಎನ್ನುತ್ತ ನಗುತ್ತಲೇ ಬರುತ್ತಿದ್ದಾರೆ.